ಟ್ರಸ್ಟಿನ ಹೆಸರಲ್ಲಿ ಮುಯ್ಯಿ

ಅಜ್ಜಂಪುರ
೧೨ ಜೂನ್ ೨೦೨೩

ಧನಪಾಲ್ ಅಣ್ಣನವರಿಗೆ ಹಾಲಮ್ಮನ ನಮಸ್ಕಾರ.

ಏಪ್ರಿಲ್, ಮೇ ತಿಂಗಳ ವೋಚರುಗಳನ್ನು ಇದರ ಜೊತೆ ಇಟ್ಟಿದ್ದೇನೆ. ಫೋನು ಮಾಡಿದರೆ ನಿಮಗೆ ಕಿವಿ ಕೇಳಿಸುವುದಿಲ್ಲ. ವಾಟ್ಸಾಪಿನಲ್ಲಿ ಕಳಿಸಿದರೆ ಒಂದು ಹೆಬ್ಬೆರಳು ಎತ್ತಿ ಸುಮ್ಮನಾಗುತ್ತೀರಿ. ಖಜಾನೆ ಇಲಾಖೆಯಲ್ಲಿ ಸವೆದು ಬಂದವರಿಗೆ ಕಾಗದವೇ ಸರಿ ಎಂದು ಅಂಚೆಗೆ ಹಾಕುತ್ತಿದ್ದೇನೆ.

ನಮ್ಮ ಒತ್ತಾಸೆ ಕೇಂದ್ರಕ್ಕೆ ಈಗ ಕೈಕಾಲು ಸ್ವಾಧೀನವಿಲ್ಲದ ಹದಿನಾಲ್ಕು ಮಕ್ಕಳು ಕಸರತ್ತಿಗೆ ಬರುತ್ತಿದ್ದಾರೆ. ಹೊಸಬಳು ಬೃಂದಾ, ಅಂತರಘಟ್ಟೆ ಕಡೆಯವಳು, ಏಳು ವರ್ಷ. ಎರಡೂ ಕಾಲು ಹುಟ್ಟಿದಾಗಿನಿಂದ ಬಿಗಿದುಕೊಂಡಿವೆ. ತಾತ ದೊಡ್ಡಬೀರಪ್ಪ ಅವಳನ್ನು ಗಾಡಿಯಲ್ಲಿ ಮುಂದೆ ಕೂರಿಸಿ, ಟವಲಿನಿಂದ ತನ್ನ ಹೊಟ್ಟೆಗೆ ಕಟ್ಟಿಕೊಂಡು ಕರೆತರುತ್ತಾನೆ. ಕಾಲಿಗಿಲ್ಲದ ಬಲವೆಲ್ಲ ಬಾಯಲ್ಲಿದೆ. ಬಂದ ದಿನವೇ ನನ್ನನ್ನು, "ನೀನ್ಯಾಕಜ್ಜಿ ಕುಂಟ್ತೀಯಾ? ನಿಂಗ್ಯಾರೂ ಕಸರತ್ತು ಮಾಡ್ಸಲ್ವಾ?" ಎಂದು ಕೇಳಿದಳು.

ವೋಚರುಗಳಲ್ಲಿ 'ಸಂಪರ್ಕ ವೆಚ್ಚ' ಅಂತ ಇರುವುದನ್ನು ನೋಡಿ ನೀವು ಹುಬ್ಬು ಗಂಟಿಕ್ಕುತ್ತೀರಿ, ಗೊತ್ತು. ಮದುವೆ ಕಾಲ ಅಣ್ಣ, ಓಡಾಟ ಜಾಸ್ತಿ. ಹೆಚ್ಚು ಕೇಳಬೇಡಿ.

ಮಗಳು ಸಂಘಮಿತ್ರಾಗೆ ಗಂಡು ನೋಡುತ್ತಿದ್ದೀರಂತೆ. ಗೊತ್ತಾದರೆ ಮೊದಲ ಮಾತು ನನಗೇ ಹೇಳಬೇಕು. ಸೀರೆ ಆರಿಸಿಟ್ಟುಕೊಂಡಿದ್ದೇನೆ.

ನಿಮ್ಮ ತಂಗಿ,
ಹಾಲಮ್ಮ


ಕಡೂರು
೨೪ ಜೂನ್ ೨೦೨೩

ತಂಗಿ ಹಾಲಮ್ಮನಿಗೆ,

ಕೇಳಬೇಡಿ ಎಂದದ್ದನ್ನು ಕೇಳುವುದೇ ಖಜಾಂಚಿಯ ಕೆಲಸ. ಎರಡು ತಿಂಗಳಲ್ಲಿ ಹದಿನೆಂಟು ಸಾವಿರ ರೂಪಾಯಿ ಸಂಪರ್ಕ! ಯಾರ ಸಂಪರ್ಕ, ರಾಜ್ಯಪಾಲರದೆ?

ತರೀಕೆರೆಗೆ ಹೋಗಿ ನಮ್ಮ ಆಡಿಟರ್ ರುದ್ರಮೂರ್ತಿಯವರ ಮುಂದೆ ಕೂತೆ. ಅವರು ನಿಮ್ಮ ಚೀಟಿಗಳನ್ನು ಒಂದೊಂದಾಗಿ ತಿರುಗಿಸಿ ಹಿಂದೆ ಬರೆದದ್ದನ್ನು ಓದಿದರು. ಈರಭದ್ರಪ್ಪನವರ ಮಗನ ಮದುವೆ, ಮಂಡಿಯವರ ಗೃಹಪ್ರವೇಶ, ಯಾರದೋ ಮೊಮ್ಮಗನ ನಾಮಕರಣ. "ಏನ್ ಸಾರ್, ನಿಮ್ ಟ್ರಸ್ಟು ಊರ್ ತುಂಬಾ ಮುಯ್ಯಿ ಮಾಡ್ಕೊಂಡು ತಿರುಗ್ತೈತಾ?" ಎಂದು ಜೋರಾಗಿ ನಕ್ಕರು. ಅವರ ಆಫೀಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನಗೆ ಕಿವಿ ಮಂದವಾದರೂ ಆ ನಗು ಕೇಳಿಸಿತು.

ಬೆಂಗಳೂರಿನ ಕಂಪನಿ ವರ್ಷಕ್ಕೆ ಆರು ಲಕ್ಷ ಕೊಡುವುದು ಮಕ್ಕಳಿಗೆ. ಊರಿನವರು ಕೊಡುವುದೂ ಮಕ್ಕಳಿಗೆ. ಅದರಲ್ಲಿ ಒಂದು ಪೈಸೆಯೂ ಮದುವೆ ಛತ್ರಕ್ಕೆ ಹೋಗಕೂಡದು. ಇಂದಿನಿಂದ ನಿಲ್ಲಿಸಿ. ಮುಯ್ಯಿ ಎನ್ನುವ ಪದ್ಧತಿಯೇ ನನಗೆ ಆಗದು. ಕಾರಣ ಕೇಳಬೇಡಿ.

ಧನಪಾಲ್


ಅಜ್ಜಂಪುರ
೨ ಜುಲೈ ೨೦೨೩

ಅಣ್ಣಾ,

ನಿಮ್ಮ ಕಾಗದ ಓದಿ ಮೈಯೆಲ್ಲ ಉರಿಯಿತು. ಓದುತ್ತಾ ನಿಂತು ಒಲೆ ಮೇಲಿನ ಹಾಲು ಉಕ್ಕಿಹೋಯಿತು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಈರಭದ್ರಪ್ಪನವರು ಕಟ್ಟಡದ ಬಾಡಿಗೆಯಲ್ಲಿ ಅರ್ಧ ಬಿಟ್ಟಿದ್ದಾರೆ. ಅವರ ಮಗನ ಮದುವೆಗೆ ಕೈಬೀಸಿಕೊಂಡು ಹೋಗಿ ಉಂಡು ಬರಲೇ? ಈರುಳ್ಳಿ ಮಂಡಿಯವರು ಐದು ಸಾವಿರ ಕೊಡುವಾಗ ರಸೀದಿ ಬೇಕೆನ್ನುವುದಿಲ್ಲ. "ನಮ್ಮನೇಲೂ ಕಾರ್ಯ ಐತೆ ಕಣಮ್ಮ, ಮರೀಬ್ಯಾಡ" ಎನ್ನುತ್ತಾರೆ. ಇಲ್ಲಿ ದಾನವೆಂದು ಕೇಳಿದರೆ ಒಂದು ಸಲ ಕೊಟ್ಟು ಬಾಗಿಲು ಹಾಕಿಕೊಳ್ಳುತ್ತಾರೆ. ಮುಯ್ಯಿ ಎಂದರೆ ನಂಟು. ಟ್ರಸ್ಟಿನ ಹೆಸರಲ್ಲಿ ನಾನು ಐನೂರು ಓದಿಸಿದರೆ, ಒತ್ತಾಸೆ ಎನ್ನುವ ಮನೆಯೊಂದು ಊರಲ್ಲಿದೆ ಎಂದು ಇಡೀ ಛತ್ರಕ್ಕೆ ಕೇಳಿಸುತ್ತದೆ. ಆ ಮನೆಗೆ ಜನ ಕೊಡುತ್ತಾರೆ.

ನೀವು ಮಾತ್ರ ಕಾರಣ ಹೇಳುವುದಿಲ್ಲ, ನಾನು ಎಲ್ಲಕ್ಕೂ ಹೇಳಬೇಕು. ಆಗಲಿ, ನಿಲ್ಲಿಸಿದೆ. ಮುಂದೆ ಏನಾದರೂ ಆದರೆ ನನ್ನ ಕಡೆ ಬೆರಳು ತೋರಿಸಬೇಡಿ.

ಹಾಲಮ್ಮ


ಕಡೂರು
೧೮ ಫೆಬ್ರವರಿ ೨೦೨೪

ತಂಗಿ ಹಾಲಮ್ಮನಿಗೆ,

ಬಹಳ ದಿನವಾಯಿತು ಬರೆದು. ಸ್ಥಳೀಯ ವಂತಿಗೆ ಕಳೆದ ವರ್ಷಕ್ಕಿಂತ ಅರ್ಧಕ್ಕೂ ಕೆಳಗಿಳಿದಿದೆ. ಮಳೆ ಕೈಕೊಟ್ಟ ವರ್ಷ, ಜನರ ಕೈಯಲ್ಲಿ ಹಣವಿಲ್ಲ ಎಂದು ವರದಿಯಲ್ಲಿ ಬರೆದಿದ್ದೇನೆ. ನಿಮಗೂ ಹಾಗೇ ಅನ್ನಿಸುತ್ತದೆ ಅಂದುಕೊಂಡಿದ್ದೇನೆ.

ಕಂಪನಿಯ ಹಣ ಇರುವತನಕ ಭಯವಿಲ್ಲ. ಹೊಸ ವಾಕರ್‌ಗಳನ್ನು ತರಿಸಿಕೊಳ್ಳಿ. ಬೃಂದಾ ಹೇಗಿದ್ದಾಳೆ?

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ವಿಶೇಷವೇನಿಲ್ಲ.

ಧನಪಾಲ್


ಅಜ್ಜಂಪುರ
೭ ಮಾರ್ಚ್ ೨೦೨೪

ಧನಪಾಲ್ ಅವರಿಗೆ,

ಮಳೆ ಮಂಡಿಯವರಿಗೂ ಕೈಕೊಟ್ಟಿತೇ? ಈರುಳ್ಳಿ ಬೆಲೆ ಏರಿದ ವರ್ಷ ಅವರಿಗೆ ಸುಗ್ಗಿಯೇ. ಈರಭದ್ರಪ್ಪನವರ ಮಗಳ ಕಡೆಯ ಮೊಮ್ಮಗಳ ನಾಮಕರಣಕ್ಕೆ ಕರೆದಿದ್ದರು, ಬರಿಗೈಯಲ್ಲಿ ಹೋಗಲು ನಾಚಿಕೆಯಾಗಿ ಹೋಗಲಿಲ್ಲ. ಮರು ತಿಂಗಳಿಂದ ಪೂರ್ತಿ ಬಾಡಿಗೆ ಕೇಳುತ್ತಿದ್ದಾರೆ. ಇದನ್ನೂ ಮಳೆ ಎಂದೇ ಬರೆದುಕೊಳ್ಳಿ.

ಬೃಂದಾ ವಾಕರ್ ಹಿಡಿದು ಗೋಡೆಯಿಂದ ಗೋಡೆಗೆ ನಡೆಯುತ್ತಾಳೆ. ದಾರಿಗೆ ಯಾರಾದರೂ ಅಡ್ಡ ಬಂದರೆ ಕಂಡಕ್ಟರ್ ಹಾಗೆ ಸೀಟಿ ಊದುತ್ತಾಳೆ.

ವಿಶೇಷವೇನಿಲ್ಲ ಎಂದು ಬರೆದಿದ್ದೀರಿ. ಜನವರಿಯಲ್ಲಿ ಸಂಘಮಿತ್ರಾಳ ಮದುವೆ ಆಯಿತಂತೆ. ಬಸ್ಸಿನಲ್ಲಿ ಯಾರೋ ಮಾತಾಡಿಕೊಳ್ಳುವಾಗ ಕಿವಿಗೆ ಬಿತ್ತು. ಲಗ್ನಪತ್ರಿಕೆ ಅಂಚೆಯಲ್ಲಿ ಕಳೆದಿರಬೇಕು ಎಂದು ಒಂದು ವಾರ ನನಗೆ ನಾನೇ ಹೇಳಿಕೊಂಡೆ. ಅಣ್ಣ ತಂಗಿ ಎಂದು ಕಾಗದದಲ್ಲಿ ಬರೆದುಕೊಳ್ಳುವುದು ಸುಲಭ. ನಾವು ನಿಮ್ಮ ಮನೆಯ ಚಪ್ಪರಕ್ಕೆ ಆಗದವರು ಎಂದು ತಿಳಿದುಕೊಂಡೆ.

ಹಾಲಮ್ಮ


ಕಡೂರು
೨೧ ಅಕ್ಟೋಬರ್ ೨೦೨೪

ಹಾಲಮ್ಮನವರಿಗೆ,

ಅರ್ಧ ವರ್ಷದ ಲೆಕ್ಕ ಕಳಿಸಿದ್ದೇನೆ. ಖರ್ಚು ಸ್ವಲ್ಪ ಹಿಡಿತದಲ್ಲಿರಲಿ. ಹೊಸ ಮಕ್ಕಳನ್ನು ಸದ್ಯಕ್ಕೆ ಸೇರಿಸಿಕೊಳ್ಳಬೇಡಿ. ಮುಂದಿನ ವರ್ಷದ ಹಣದ ಬಗ್ಗೆ ಕಂಪನಿಯ ಉತ್ತರ ಬರಬೇಕಾಗಿದೆ. ಗಾಬರಿಯಾಗುವಂಥದ್ದು ಏನಿಲ್ಲ.

ಮದುವೆಯ ವಿಚಾರ ಎದುರಿಗೆ ಸಿಕ್ಕಾಗ ಹೇಳುತ್ತೇನೆ. ಬರೆಯಲು ಕೂತರೆ ಕೈ ಮುಂದೆ ಹೋಗುವುದಿಲ್ಲ.

ಧನಪಾಲ್


ಅಜ್ಜಂಪುರ
೯ ಡಿಸೆಂಬರ್ ೨೦೨೪

ಒತ್ತಾಸೆ ಟ್ರಸ್ಟಿನ ಖಜಾಂಚಿಯವರಿಗೆ,

ನಿನ್ನೆ ಕಂಪನಿಯ ಹುಡುಗಿಯೊಬ್ಬಳು ಮಕ್ಕಳ ಫೋಟೊ ಕೇಳಲು ಫೋನು ಮಾಡಿದ್ದಳು. ಮುಂದಿನ ವರ್ಷ ಏನು ಮಾಡುತ್ತೀರಮ್ಮಾ ಎಂದು ಮರುಕದಿಂದ ಕೇಳಿದಳು. ಯಾಕೆ ಎಂದೆ. ಇನ್ನು ಮುಂದೆ ಹಣ ಕೊಡಲಾಗದೆಂದು ಸೆಪ್ಟೆಂಬರಿನಲ್ಲೇ ಖಜಾಂಚಿಗಳಿಗೆ ಬರೆದಿದ್ದೇವಲ್ಲ ಎಂದಳು.

ಉತ್ತರ ಬರಬೇಕಾಗಿದೆ ಎಂದು ಅಕ್ಟೋಬರಿನಲ್ಲಿ ಬರೆದಿರಲ್ಲ! ನಾನು ಅದನ್ನು ನಂಬಿ ನವೆಂಬರಿನಲ್ಲಿ ಇನ್ನಿಬ್ಬರು ಮಕ್ಕಳನ್ನು ಸೇರಿಸಿಕೊಂಡೆ. ಬೇಡ ಎಂದು ನೀವು ಬರೆದಿದ್ದಿರಿ, ನಿಜ. ಯಾಕೆ ಬೇಡ ಎಂದು ಬರೆದಿದ್ದರೆ ಬಿಡುತ್ತಿದ್ದೆ. ಈಗ ಹದಿನಾರು ಮನೆಗಳವರಿಗೆ ಏನು ಹೇಳಲಿ? ನನಗೆ ಊಟ ಸೇರುತ್ತಿಲ್ಲ. ಬಾಗಿಲಲ್ಲಿ ಗಾಡಿ ನಿಂತ ಸದ್ದಾದರೆ ಒಳಗೆ ಸರಿದುಕೊಳ್ಳುತ್ತೇನೆ. ಎಷ್ಟು ತಿಂಗಳಿಗೆ ಹಣವಿದೆ, ಅದೊಂದನ್ನು ನಿಜ ಹೇಳಿ.

ಹಾಲಮ್ಮ


ಕಡೂರು
೧೪ ಡಿಸೆಂಬರ್ ೨೦೨೪

ಹಾಲಮ್ಮನವರಿಗೆ,

ನಿಜ ಹೇಳುತ್ತೇನೆ. ತಿಂಗಳಿಗೆ ಅರವತ್ತು ಸಾವಿರ ಬೇಕು. ಮಾರ್ಚ್ ಮೂವತ್ತೊಂದರ ಹೊತ್ತಿಗೆ ಬ್ಯಾಂಕಿನಲ್ಲಿ ಏನೂ ಉಳಿಯುವುದಿಲ್ಲ. ಅಂದಿಗೆ ಕೇಂದ್ರ ಮುಚ್ಚಬೇಕು.

ಸೆಪ್ಟೆಂಬರಿನಿಂದ ಇಲ್ಲಿಯವರೆಗೆ ಒಂಬತ್ತು ಕಡೆ ಅರ್ಜಿ ಹಾಕಿದ್ದೇನೆ. ಒಂದಾದರೂ ಕೈಹಿಡಿದರೆ ನಿಮಗೆ ಈ ಸುದ್ದಿ ತಿಳಿಯುವುದೇ ಬೇಡ ಎಂದುಕೊಂಡೆ. ಎಲ್ಲ ಕಡೆಯಿಂದಲೂ ಇಲ್ಲ ಎಂದೇ ಬಂತು. ಎಲ್ಲರಿಗೂ ದೊಡ್ಡ ಸಂಸ್ಥೆ ಬೇಕು, ಸಾವಿರ ಮಕ್ಕಳು ಬೇಕು. ಹದಿನಾರು ಎಂದರೆ ಮುಂದಿನ ಪುಟ ತಿರುಗಿಸುತ್ತಾರೆ.

ಪೋಷಕರಿಗೆ ಈಗಲೇ ಹೇಳಿಬಿಡಿ. ಕಸರತ್ತು ಮಾಡಿಸುವ ಭುವನಾಗೂ ಬೇರೆ ಕೆಲಸ ನೋಡಿಕೊಳ್ಳಲು ಹೇಳಿ. ನನ್ನನ್ನು ಬೈಯಿರಿ, ನಾನು ಅದಕ್ಕೆ ತಕ್ಕವನೇ.

ಧನಪಾಲ್


ಅಜ್ಜಂಪುರ
೫ ಜನವರಿ ೨೦೨೫

ಧನಪಾಲ್ ಅವರಿಗೆ,

ಬೈಯುವುದನ್ನು ಆಮೇಲೆ ಇಟ್ಟುಕೊಳ್ಳೋಣ. ಪೋಷಕರಿಗೆ ಹೇಳಿದೆ. ದೊಡ್ಡಬೀರಪ್ಪ, "ಅಲ್ಲ ಕಣಮ್ಮ, ನೀನು ಈ ಸೀಮೆಗೆಲ್ಲ ಮುಯ್ಯಿ ಮಾಡಿದ್ದೀಯ. ನಿಮ್ಮನೇಲಿ ಒಂದು ಕಾರ್ಯ ಮಾಡಿದ್ದೀಯಾ? ಕರೀದೆ ಹೋದ್ರೆ ಯಾರು ತಂದು ಕೊಡ್ತಾರೆ?" ಎಂದ.

ಅವನು ಅಂದದ್ದು ತಲೆಯಲ್ಲಿ ಕೂತುಬಿಟ್ಟಿತು. ನೀವು ನಿಲ್ಲಿಸಿ ಎನ್ನುವವರೆಗೆ ಎಂಟು ವರ್ಷ ಊರೂರು ತಿರುಗಿ ಓದಿಸಿದ್ದೇವೆ. ಟ್ರಸ್ಟಿಗೆ ಮಗಳಿಲ್ಲ, ಮದುವೆಯಿಲ್ಲ, ಹೊಸ ಮನೆಯಿಲ್ಲ. ಹಾಗಾಗಿ ಒಬ್ಬರೂ ತಿರುಗಿ ಮುಯ್ಯಿ ಮಾಡಲು ದಾರಿಯೇ ಇರಲಿಲ್ಲ.

ಕೂಸು ಮೊದಲ ಸಲ ಹೊಸ್ತಿಲು ದಾಟಿದಾಗ ಹೊಸ್ತಿಲಿಗೆ ಅರಿಶಿನ ಕುಂಕುಮ ಇಟ್ಟು ಸಿಹಿ ಹಂಚುತ್ತೇವಲ್ಲ, ಬೃಂದಾಗೆ ಆ ಶಾಸ್ತ್ರವೇ ಆಗಿಲ್ಲ. ಈಗ ಅವಳಿಗೆ ಒಂಬತ್ತು. ಕೇಂದ್ರದ ಹಜಾರದಿಂದ ಜಗಲಿಗೆ ಹೋಗುವ ಬಾಗಿಲಿಗೆ ಎತ್ತರದ ಮರದ ಹೊಸ್ತಿಲಿದೆ. ವಾಕರ್ ಎತ್ತಿ ಅದರಾಚೆ ಇಡುವುದನ್ನು ಭುವನಾ ಕಲಿಸುತ್ತಿದ್ದಾಳೆ. ಫೆಬ್ರವರಿ ಒಂಬತ್ತರ ಭಾನುವಾರ ಬೃಂದಾಳ ಹೊಸ್ತಿಲು ದಾಟುವ ಕಾರ್ಯ. ನಾವು ಮುಯ್ಯಿ ಮಾಡಿದ ಎಲ್ಲ ಮನೆಗೂ ಕರೆಯುತ್ತೇನೆ. ಹೋಳಿಗೆ ಊಟ.

ಹಾಲಮ್ಮ


ಕಡೂರು
೧೧ ಜನವರಿ ೨೦೨೫

ಹಾಲಮ್ಮನವರಿಗೆ,

ಇದು ನನಗೆ ಒಪ್ಪಿಗೆಯಿಲ್ಲ. ನಡೆಯಲಾರದ ಮಗುವನ್ನು ಬಾಗಿಲಲ್ಲಿ ನಿಲ್ಲಿಸಿ, ಜನರ ಕೈಯಿಂದ ಹಣ ಬಿಚ್ಚಿಸುವುದು ಕೋಲೆಬಸವ ಆಡಿಸಿದ ಹಾಗಲ್ಲವೆ? ಎಲ್ಲರ ಕಣ್ಣೂ ಅವಳ ಕಾಲಿನ ಮೇಲೆ. ಅವಳು ದಾಟದೆ ಹೋದರೆ? ಬಿದ್ದರೆ? ಅವಳ ಜೀವಮಾನವಿಡೀ ಆ ದಿನ ನೆನಪಿರುತ್ತದೆ. ಮಕ್ಕಳಿಗೆ ನೆನಪಿರುತ್ತದೆ, ಹಾಲಮ್ಮ. ಜನರೇ ಬರದಿದ್ದರೆ ಊಟದ ಖರ್ಚೂ ನಮ್ಮ ಮೈಮೇಲೆ.

ಬೇಕಾದರೆ ಮರ್ಯಾದೆಯಿಂದ ಮುಚ್ಚೋಣ.

ಧನಪಾಲ್


ಅಜ್ಜಂಪುರ
೧೬ ಜನವರಿ ೨೦೨೫

ಧನಪಾಲ್ ಅವರಿಗೆ,

ನಿಮ್ಮ ಕಾಗದವನ್ನು ದೊಡ್ಡಬೀರಪ್ಪನಿಗೆ ಓದಿ ಹೇಳಿದೆ. ಅವನು ಮೊಮ್ಮಗಳನ್ನೇ ಕೇಳು ಎಂದ. ಅವಳು, "ಎಲ್ರೂ ಬರ್ಲಿ. ಹೋಳ್ಗೆ ಕಾಯಿದೋ ಬ್ಯಾಳೇದೋ?" ಎಂದಳು. ಕಾಯಿಹೋಳಿಗೆಯೇ ಆಗಬೇಕಂತೆ.

ಕೋಲೆಬಸವ ಎಂಬ ಮಾತು ನನಗೂ ಚುಚ್ಚಿದೆ. ದಿನಾ ಅವಳು ಆ ಹೊಸ್ತಿಲ ಹತ್ತಿರ ಬಂದು ವಾಪಸ್ ತಿರುಗುವಾಗ ನಾನು ಬೇರೆ ಕಡೆ ನೋಡುತ್ತೇನೆ. ಆದರೆ ಮುಚ್ಚುವುದರಲ್ಲಿ ಮರ್ಯಾದೆ ಎಲ್ಲಿದೆ ಎಂದು ಎಷ್ಟು ಯೋಚಿಸಿದರೂ ತಿಳಿಯಲಿಲ್ಲ. ಪತ್ರಿಕೆ ಅಚ್ಚಾಗಿ ಬಂದಾಯಿತು. ನಿಮಗೂ ಒಂದು ಇಟ್ಟಿದ್ದೇನೆ. ನಾನು ಕರೆಯುವವಳು.

ಹಾಲಮ್ಮ


ಕಡೂರು
೫ ಫೆಬ್ರವರಿ ೨೦೨೫

ಹಾಲಮ್ಮನವರಿಗೆ,

ಪತ್ರಿಕೆ ಸಿಕ್ಕಿತು. ನಾನು ಬರುವುದಿಲ್ಲ, ತಪ್ಪು ತಿಳಿಯಬೇಡಿ. ಬಂದರೂ ಮೈಕಿನಲ್ಲಿ ಹೇಳಿದ್ದು ನನಗೆ ಕೇಳಿಸುವುದಿಲ್ಲ. ರುದ್ರಮೂರ್ತಿಯವರು ಬರುತ್ತಾರಂತೆ. ಅವರ ಕೈಯಲ್ಲಿ ಒಂದು ಕವರು ಕೊಟ್ಟಿದ್ದೇನೆ. ಒಳಗೆ ಚೀಟಿ ಇದೆ. ಮುಯ್ಯಿ ಬರೆಯುವವರ ಹತ್ತಿರ ಕೊಟ್ಟರೆ ಸಾಕು.

ಮಗು ಜೋಪಾನ.

ಧನಪಾಲ್


ಅಜ್ಜಂಪುರ
೧೧ ಫೆಬ್ರವರಿ ೨೦೨೫

ಅಣ್ಣಾ,

ಕೂತು ಬರೆಯಲು ಎರಡು ದಿನ ಬೇಕಾಯಿತು. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಹತ್ತು ಗಂಟೆಗೆ ಕಾರ್ಯ ಎಂದು ಅಚ್ಚು ಹಾಕಿಸಿದ್ದೆ. ಹನ್ನೊಂದಾದರೂ ಒಂದು ನರಪಿಳ್ಳೆಯಿಲ್ಲ. ಪೋಷಕರು, ಭುವನಾ, ಬೆಳಿಗ್ಗೆಯೇ ಬಂದು ಕೂತ ರುದ್ರಮೂರ್ತಿ, ಮುಯ್ಯಿ ಬರೆಯಲು ಒಪ್ಪಿಕೊಂಡ ಮಲ್ಲಿಕಾರ್ಜುನಯ್ಯ ಮೇಷ್ಟ್ರು, ಅಷ್ಟೇ. ಮೇಷ್ಟ್ರು ಪೆನ್ನಿನ ಕ್ಯಾಪು ತೆಗೆಯುವುದು ಹಾಕುವುದು ಮಾಡುತ್ತಿದ್ದರು. ಒಳಗೆ ಮುನ್ನೂರು ಹೋಳಿಗೆ. ನೀವು ಹೇಳಿದ್ದೇ ಸರಿ ಎಂದು ನೂರು ಸಲ ಅಂದುಕೊಂಡೆ. ಆಮೇಲೆ ತಿಳಿಯಿತು, ಅವತ್ತೇ ಅಮೃತಾಪುರದಲ್ಲಿ ಮದುವೆ. ಅಲ್ಲಿ ಧಾರೆ ಮುಗಿಸಿಕೊಂಡು ಹನ್ನೆರಡರ ಮೇಲೆ ಬರತೊಡಗಿದರು ನೋಡಿ, ಚಪ್ಪಲಿ ಬಿಡಲು ಜಾಗವಿಲ್ಲ.

ಬೃಂದಾ ಹಸಿರು ಲಂಗ ಉಟ್ಟು ಹೊಸ್ತಿಲ ಹತ್ತಿರ ಬಂದಳು. ವಾಕರಿನ ಮುಂಗಾಲು ಎತ್ತಿ ಆಚೆ ಇಟ್ಟಳು. ಅವಳು ಜನರನ್ನು ನೋಡಿದಳು, ಕಾಲನ್ನು ನೋಡಿದಳು. ವಾಕರನ್ನು ಈಚೆಗೆ ಎಳೆದುಕೊಂಡು, "ಇವತ್ತು ಬ್ಯಾಡ" ಎಂದು ಹೊಸ್ತಿಲ ಮೇಲೆಯೇ ಕೂತುಬಿಟ್ಟಳು.

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಎದ್ದು ಕೈಮುಗಿದೆ. ಕರೆದ ಕಾರ್ಯ ನಡೆಯಲಿಲ್ಲ, ಊಟ ಮಾಡಿಕೊಂಡು ಹೋಗಿ, ಯಾರೂ ಮುಯ್ಯಿ ಬರೆಸಬೇಡಿ ಎಂದೆ. ಆಗ ದೊಡ್ಡಬೀರಪ್ಪ ಎದ್ದು ನನಗೇ ಗದರಿದ: "ಕುಂತ್ಕೊಳಮ್ಮ ಸಾಕು! ದಾಟಿದ್ರೆ ಕೊಡದು, ಇಲ್ದಿದ್ರೆ ಇಲ್ಲ ಅನ್ನಕೆ ಇದೇನ್ ಸರ್ಕಸ್ ಟಿಕೀಟಾ? ಮದ್ವೇಲಿ ಗಂಡು ಹೆಣ್ಣು ಚೆನ್ನಾಗ್ ಬಾಳ್ತಾರಾ ಅಂತ ಕಾದು ನೋಡಿ ಮುಯ್ಯಿ ಮಾಡ್ತೀವಾ? ಬರ್ಕೊಳ್ಳಿ ಮೇಷ್ಟ್ರೇ, ದೊಡ್ಡಬೀರಪ್ಪ, ಎರಡು ಸಾವ್ರ."

ಆಮೇಲೆ ಸಾಲು ನಿಂತಿತು ಅಣ್ಣ. ಈರಭದ್ರಪ್ಪನವರು, "ನೀನು ನಮ್ ಮೊಮ್ಮಗಳ ಹೆಸ್ರಿಡಕ್ಕೆ ಬರ್ಲಿಲ್ಲ, ನಂಗೆ ಬಾಳ ಬ್ಯಾಸ್ರ ಐತೆ" ಎಂದು ಎಲ್ಲರೆದುರು ಬೈದು, ಹತ್ತು ಸಾವಿರ ಬರೆಸಿ, ಬಾಡಿಗೆ ಮೊದಲಿನ ಹಾಗೇ ಇರಲಿ ಎಂದು ಉಣ್ಣಲು ಕೂತರು. ಊಟದ ಖರ್ಚು ಕಳೆದು ಎರಡು ಲಕ್ಷದ ಮೂವತ್ತೊಂದು ಸಾವಿರ ಉಳಿದಿದೆ. ಬೃಂದಾ ಅಲ್ಲೇ ಕೂತು ಮೂರು ಹೋಳಿಗೆ ತಿಂದಳು. ಇನ್ನೂ ದಾಟಿಲ್ಲ. ನಿನ್ನೆ ಮತ್ತೆ ಹತ್ತಿರ ಬಂದು ತಿರುಗಿದಳು.

ಹಾಲಮ್ಮ


ಕಡೂರು
೧೭ ಫೆಬ್ರವರಿ ೨೦೨೫

ತಂಗಿ ಹಾಲಮ್ಮನಿಗೆ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಬಾಡಿಗೆಯೂ ಇಳಿದದ್ದರಿಂದ ಆ ಹಣ ಜುಲೈ ಕೊನೆಯವರೆಗೆ ಬರುತ್ತದೆ. ಆಗಸ್ಟಿನ ಬಗ್ಗೆ ಈಗಲೇ ಚಿಂತೆ ಹತ್ತಿದೆ, ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಈಗ ಬಂದವರ ಮನೆಗಳಿಗೆಲ್ಲ ನಾವು ತಿರುಗಿ ಮುಯ್ಯಿ ಮಾಡಬೇಕು, ಆ ಚಿಂತೆಯೂ ಇದೆ. ಟ್ರಸ್ಟಿಗಳು ನಾವು ನಾವೇ ತಿಂಗಳಿಗಿಷ್ಟು ಎಂದು ಅದಕ್ಕೆ ಬೇರೆ ತೆಗೆದಿಡೋಣ. ಸಂಪರ್ಕ ವೆಚ್ಚ ಎಂದು ಬರೆಯಬೇಡಿ. ಮುಯ್ಯಿ ಎಂದೇ ಬರೆಯಿರಿ.

ಈಗ ಆ ಕಾರಣ ಹೇಳುತ್ತೇನೆ. ನಮ್ಮಪ್ಪ ಮುನಿಯಪ್ಪ. ಸಿಂಗಟಗೆರೆಯಲ್ಲಿ ಯಾರ ಮನೆ ಮದುವೆಯಾದರೂ ಚಪ್ಪರದ ಕಂಬ ನೆಡಲು ಅಪ್ಪನೇ ಹೋಗಬೇಕು. ಮದುವೆ ದಿನ ಒಗೆದ ಅಂಗಿ ಹಾಕಿಕೊಂಡು, ಮುಯ್ಯಿ ಹಿಡಿದು ಅದೇ ಚಪ್ಪರದ ಹೊರಗೆ ನಿಲ್ಲುತ್ತಿದ್ದ. ಹಣ ಇಸಿದುಕೊಳ್ಳುತ್ತಿದ್ದರು. ಹೆಸರು ಓದುತ್ತಿರಲಿಲ್ಲ. ಎಲ್ಲರ ಹೆಸರೂ ಬರುತ್ತಿತ್ತು, ಅಪ್ಪನದು ಬರುತ್ತಿರಲಿಲ್ಲ. ನಾನು ಅವನ ಕೈ ಹಿಡಿದು, ಈಗ ಓದುತ್ತಾರೆ, ಈಗ ಓದುತ್ತಾರೆ ಎಂದು ಕಾಯುತ್ತಿದ್ದೆ. ಆಗ ನನ್ನ ಕಿವಿ ಚೆನ್ನಾಗಿತ್ತು.

ಅದಕ್ಕೇ ಸಂಘಮಿತ್ರಾಳ ಮದುವೆಯನ್ನು ಬುದ್ಧವಂದನೆ ಹೇಳಿಸಿ, ಮನೆಮಂದಿಯಷ್ಟೇ ಕೂತು ಮುಗಿಸಿದೆ. ನಿಮ್ಮನ್ನು ಕರೆದರೆ ಮುಯ್ಯಿ ಹಿಡಿದೇ ಬರುತ್ತೀರಿ. ಬೇಡ ಎಂದರೆ ನಿಮಗೆ ನೋವು, ತೆಗೆದುಕೊಂಡರೆ ನನಗೆ ನೋವು. ಹೆದರಿ ಕರೆಯಲಿಲ್ಲ. ಚಪ್ಪರಕ್ಕೆ ಆಗದವರು ಎಂದು ನೀವು ಬರೆದಿದ್ದಿರಿ. ಆ ಮಾತನ್ನು ಯಾರಿಗೆ ಬರೆದಿರೆಂದು ನಿಮಗೆ ಗೊತ್ತಿರಲಿಲ್ಲ.

ಒಂದು ಕೇಳಬೇಕು. ಚೀಟಿಯಲ್ಲಿ ನನ್ನ ಹೆಸರಿಗಿಂತ ಮೊದಲು ಅಪ್ಪನ ಹೆಸರು ಬರೆದಿದ್ದೆ. ಮೇಷ್ಟ್ರು ಓದಿದರೋ, ಬರೆದುಕೊಂಡು ಸುಮ್ಮನಾದರೋ? ರುದ್ರಮೂರ್ತಿಯವರನ್ನು ಕೇಳಲು ಸಂಕೋಚವಾಯಿತು.

ನಿಮ್ಮ ಅಣ್ಣ,
ಧನಪಾಲ್


ಅಜ್ಜಂಪುರ
೨೦ ಫೆಬ್ರವರಿ ೨೦೨೫

ಅಣ್ಣಾ,

ಇಷ್ಟನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ನನ್ನ ಹತ್ತಿರ ಬೈಸಿಕೊಂಡಿರಲ್ಲ. ಓದಿ ಬಹಳ ಅತ್ತೆ. ಏನೇನೋ ಬರೆದೆನಲ್ಲ, ನನ್ನ ನಾಲಗೆಗೆ ಬೆಂಕಿ ಬೀಳ.

ಓದಿದರು ಅಣ್ಣ. "ಸಿಂಗಟಗೆರೆ ಮುನಿಯಪ್ಪ" ಎನ್ನುವಷ್ಟರಲ್ಲಿ ಕರೆಂಟು ಹೋಗಿ ಮೈಕು ನಿಂತಿತು. ಮೇಷ್ಟ್ರು ಮುಂದಿನ ಕವರಿಗೆ ಕೈಹಾಕಿದರು. ಕಾರಣವೇನೂ ನನಗೆ ಆಗ ಗೊತ್ತಿರಲಿಲ್ಲ. ನೀವು ಬರಲಿಲ್ಲವೆಂಬ ಸಿಟ್ಟಿತ್ತು, ಅಷ್ಟೆ. "ಅದು ನಮ್ಮ ಖಜಾಂಚಿದು ಮೇಷ್ಟ್ರೇ, ಅರ್ಧಕ್ಕೆ ಬಿಡಬೇಡಿ" ಎಂದೆ. ಅವರು ಎದ್ದು ನಿಂತು, ತರಗತಿಯಲ್ಲಿ ಹಾಜರಿ ಕೂಗುವ ಗಂಟಲಿನಲ್ಲಿ, "ಸಿಂಗಟಗೆರೆ ಮುನಿಯಪ್ಪನವರ ಮಗ ಧನಪಾಲ್, ಐದು ಸಾವಿರ" ಎಂದು ಮತ್ತೆ ಮೊದಲಿಂದ ಓದಿದರು. ರಸ್ತೆಯಲ್ಲಿ ಹೋಗುವವರು ತಿರುಗಿ ನೋಡಿದರು. ಹೊಸ್ತಿಲ ಮೇಲೆ ಕೂತು ಓದಿದ ಹೆಸರನ್ನೆಲ್ಲ ತಾನೂ ಕೂಗುತ್ತಿದ್ದ ಬೃಂದಾ, ಬಾಯಿತುಂಬ ಹೋಳಿಗೆ ಇಟ್ಟುಕೊಂಡು, "ಮುನಿಯಪ್ನೋರ ಮಗಾ" ಎಂದು ಜಗಲಿ ಕಡೆಗೆ ಕೂಗಿದಳು.

ನೀವು ಬಂದಿದ್ದರೆ ನಿಮಗೂ ಕೇಳಿಸುತ್ತಿತ್ತು.

ನಿಮ್ಮ ತಂಗಿ,
ಹಾಲಮ್ಮ